ಚೀಟಿ ಎತ್ತದ ಉಪದೇಶಿ

ಹಿಂದೂಪುರದ ಸ್ಟೇಷನ್ನಿನಲ್ಲಿ ರೈಲು ಬರುವುದಕ್ಕೆ ಎರಡು ಗಂಟೆ ಮುಂಚೆಯೇ ಹೋಗಿ, ಕಲ್ಲುಬೆಂಚಿನ ತುದಿಯಲ್ಲಿ ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿರುತ್ತಿದ್ದವರು ಊರಿಗೆಲ್ಲ ಒಬ್ಬರೇ, ನಮ್ಮ ಉಪದೇಶಿ ಯೋನಪ್ಪನವರು. ಮನುಷ್ಯ ಹುಟ್ಟುವ ಮುಂಚೆಯೇ ಅವನ ದಿನಗಳೆಲ್ಲ ದೇವರ ಸಂಕಲ್ಪದಲ್ಲಿ ನಿಗದಿಯಾಗಿವೆ, ಅದನ್ನು ತಪ್ಪಿಸುವವರು ಯಾರೂ ಇಲ್ಲ ಎಂದು ಭಾನುವಾರ ಬೋಧಿಸುತ್ತಿದ್ದವರೂ ಇವರೇ. ಸೋಮವಾರ ನೋಡಿದರೆ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಇನ್ನೊಂದು ಸಲ ಜಗ್ಗುತ್ತಿದ್ದರು.

ಸ್ಟೇಷನ್ನಿನ ಎದುರಿಗೆ ಬೆಲ್ಲದ ಮಂಡಿ ಇಟ್ಟಿದ್ದ ರುದ್ರಪ್ಪ ಶೆಟ್ಟರಿಗೆ ಇದು ದೊಡ್ಡ ತಮಾಷೆ. ಹಣೆಗೆ ವಿಭೂತಿ, ಬಾಯಲ್ಲಿ ತೆಲುಗು ಕನ್ನಡ ಎರಡೂ.

"ಏಮಯ್ಯಾ ಉಪದೇಶಿ, ರೈಲು ಬರ್ಬೇಕು ಅಂತ ನಿಮ್ ದೇವ್ರು ಬರೆದಿದ್ರೆ ಬಂದೇ ಬತ್ತದಲ್ಲ. ಈಗಿಂದ್ಲೇ ಯಾಕ್ ಕಾಯ್ತೀಯ?"

"ರೈಲು ಬರೋದು ಬರೆದೈತೆ ಶೆಟ್ರೆ. ನಾನು ಹತ್ತೋದು ಬರೆದೈತೋ ಇಲ್ವೋ, ನಂಗ್ಯಾರೂ ತೋರ್ಸಿಲ್ಲ. ಅದ್ಕೇ ಮುಂಚೆ ಬಂದಿವ್ನಿ."

ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಗುವರು. ಆಮೇಲೆ ಇಬ್ಬರೂ ಕರ್ಮ ದೊಡ್ಡದೋ ಕೃಪೆ ದೊಡ್ಡದೋ ಅಂತ ರೈಲು ಬರುವವರೆಗೂ ವಾದ ಮಾಡುವರು. ಯಾರೂ ಗೆದ್ದದ್ದನ್ನು ನಾನು ಕಾಣೆ. ಕೊನೆಗೆ ಶೆಟ್ಟರು ಒಂದು ಉಂಡೆ ಬೆಲ್ಲ ಕೊಟ್ಟು ಕಳಿಸುವರು.

ನಾನು ಮಾರ್ತಮ್ಮ. ನಮ್ಮಪ್ಪ ಹಿಂದೂಪುರದ ಬಜಾರಿನಲ್ಲಿ ಹೊಲಿಗೆ ಹಾಕುತ್ತಿದ್ದರು. ನಮ್ಮ ಮನೆ ಕ್ರೈಸ್ತ ದೇವಾಲಯದ ಹಿಂದುಗಡೆಯೇ, ಉಪದೇಶಿಗಳ ಮನೆಗೂ ನಮಗೂ ಒಂದೇ ಗೋಡೆ. ಅವರ ಹೆಂಡತಿ ಬೇಗ ತೀರಿಕೊಂಡಿದ್ದರಿಂದ ಅರ್ಧ ಊಟ ನಮ್ಮಲ್ಲೇ. ಉದ್ದಕ್ಕೆ, ತೆಳ್ಳಗೆ, ಬೇಸಿಗೆಯಲ್ಲೂ ಕಪ್ಪು ಕೋಟು. "ನಾಳೆ ಬತ್ತೀನಿ" ಅಂತ ಒಂದು ದಿನವೂ ಅಂದವರಲ್ಲ. "ದೇವರ ಚಿತ್ತ ಇದ್ರೆ ಬತ್ತೀನಿ ಕಣಮ್ಮ" ಅನ್ನುವರು. ಅಕ್ಕಿ ಡಬ್ಬಿ ತಳ ಕಂಡ ದಿನವೂ ಸರಿಯಾಗಿ ಊಟದ ಹೊತ್ತಿಗೆ ಬರುವರು. ನಮ್ಮಮ್ಮ ಒಲೆ ಮುಂದೆ ಗೊಣಗುವಳು: "ಒಂದಿನಾನಾದ್ರೂ ದೇವರಿಗೆ ಚಿತ್ತ ಇಲ್ದೇ ಹೋಗ್ಬಾರ್ದಾ." ಗೊಣಗಿಕೊಂಡೇ ಮುದ್ದೆ ದೊಡ್ಡದು ಕಟ್ಟುವಳು.

ಅವರು ತಮ್ಮ ಮೇಲೆ ತಾವೇ ಹೇಳಿಕೊಂಡು ನಗುತ್ತಿದ್ದ ಕಥೆ ಒಂದಿದೆ. ಕುಂದುರ್ಪಿಯಲ್ಲಿ ಹೊಸದಾಗಿ ಸಭೆಗೆ ಸೇರಿದ್ದ ಕುರಿಗಾಹಿ ಅಬ್ರಾಮಪ್ಪ ಅಂತ ಇದ್ದ. ಇವರು ಅಲ್ಲಿಗೆ ಹೋಗಿ, ತಂದೆಯಾದ ದೇವರ ಅಪ್ಪಣೆಯಿಲ್ಲದೆ ಒಂದು ಗುಬ್ಬಿ ಕೂಡ ನೆಲಕ್ಕೆ ಬೀಳುವುದಿಲ್ಲ ಅಂತ ಕೇಳಿದವರ ಕಣ್ಣಲ್ಲಿ ನೀರು ಬರುವ ಹಾಗೆ ಬೋಧನೆ ಮಾಡಿ ಬಂದರು. ಅಬ್ರಾಮಪ್ಪ ಮನೆಗೆ ಹೋಗಿ ಯೋಚನೆ ಮಾಡಿದ. ಗುಬ್ಬಿಗೇ ಇಷ್ಟಿದ್ದ ಮೇಲೆ ಕುರಿಗೆ ಇನ್ನೆಷ್ಟಿರಬೇಕು. ಇಷ್ಟು ಕೇಳಿದ ಮೇಲೂ ಹಟ್ಟಿಗೆ ಮುಳ್ಳುಬೇಲಿ ಹಾಕಿದರೆ ದೇವರನ್ನು ನಂಬದ ಹಾಗಲ್ಲವೇ. ಪುಣ್ಯಾತ್ಮ ಬೇಲಿಯ ಮುಳ್ಳನ್ನೆಲ್ಲ ಕಿತ್ತು ಒಲೆಗೆ ಹಾಕಿಬಿಟ್ಟ. ಇನ್ನೇನು, ತೋಳ ಬಂತು. ಒಳ್ಳೊಳ್ಳೆಯ ಕುರಿಗಳನ್ನೇ ನೋಡಿ ಎಳೆದುಕೊಂಡು ಹೋಯಿತು.

ಅಬ್ರಾಮಪ್ಪ ಸಿಟ್ಟು ಮಾಡಿಕೊಂಡು ಬರಲಿಲ್ಲ, ಅದೇ ಕಷ್ಟವಾದದ್ದು. ಹಿಂದೂಪುರದವರೆಗೂ ಬಂದು, ನಮ್ಮ ಜಗುಲಿಯ ಮೇಲೆ ಕಂಬಳಿ ಹಾಸಿ ಕೂತು ಮೆಲ್ಲಗೆ ಕೇಳಿದ: "ಸ್ವಾಮಿ, ತೋಳಕ್ಕೂ ಅಪ್ಪಣೆ ಕೊಟ್ಟವ್ನು ಅವ್ನೇನಾ?"

ಯೋನಪ್ಪನವರು ಕೋಟು ಹಾಕಿಕೊಂಡು ಅವನ ಜೊತೆಗೆ ಕುಂದುರ್ಪಿಗೆ ಹೊರಟುಹೋದರು. ಅಲ್ಲಿ ತಾವೇ ಕೊಡಲಿ ಹಿಡಿದು ಜಾಲಿಮುಳ್ಳು ಕಡಿದು, ಹಟ್ಟಿಗೆ ಎದೆಯೆತ್ತರ ಬೇಲಿ ಹಾಕಿಕೊಟ್ಟು ಬಂದರು. ಮೈಕೈಯೆಲ್ಲ ಗೀರು. ಅಮ್ಮ ಎಣ್ಣೆ ಹಚ್ಚುತ್ತಾ, ಅಬ್ರಾಮಪ್ಪನಿಗೆ ಏನು ಹೇಳಿದಿರಿ ಅಂತ ಕೇಳಿದಳು.

"ತೋಳಾನೂ ಅವ್ನೇ ಮಾಡವ್ನೆ, ಮುಳ್ಳೂ ಅವ್ನೇ ಮಾಡವ್ನೆ, ಮುಳ್ಳು ಕಡಿಯೋ ಕೈನೂ ಅವ್ನೇ ಕೊಟ್ಟವ್ನೆ ಕಣಪ್ಪ ಅಂದೆ. ಗುಬ್ಬಿ ವಿಷಯ ಹೇಳ್ದಾಗ ಕೈ ವಿಷಯ ಹೇಳೋದು ನಾನೇ ಮರ್ತುಬುಟ್ಟಿದ್ದೆ."

ಆ ಬೇಲಿ ಹಾಕಿದ್ದು ಅವರನ್ನು ಒಳಗೆ ಎಲ್ಲೋ ಬದಲಾಯಿಸಿತು. ಅದು ಗೊತ್ತಾಗಿದ್ದು ನನ್ನ ಮದುವೆಯ ಮಾತು ಬಂದಾಗ.

ನಮ್ಮಜ್ಜಿಯ ಕಾಲದಲ್ಲಿ, ನಮ್ಮವರು ಇನ್ನೂ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾಗದಿದ್ದಾಗ, ಮದುವೆ ಅಂದರೆ ಊರಮ್ಮನ ಗುಡಿಗೆ ಹೋಗಿ ಹೂ ಕೇಳುತ್ತಿದ್ದರಂತೆ. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಸೈ, ಎಡಗಡೆ ಬಿದ್ದರೆ ಬೇಡ. ದೀಕ್ಷೆಯಾದ ಮೇಲೆ ಹೂ ಹೋಯಿತು, ಚೀಟಿ ಬಂತು. ಎರಡು ಚೀಟಿ ಮಡಿಸಿ ವೇದಪುಸ್ತಕದೊಳಗೆ, ಅಂದರೆ ಬೈಬಲ್ಲಿನೊಳಗೆ ಇಡುವುದು, ಉಪದೇಶಿಗಳು ಪ್ರಾರ್ಥನೆ ಮಾಡಿ ಕಣ್ಣುಮುಚ್ಚಿಕೊಂಡು ಒಂದನ್ನು ಎತ್ತುವುದು. ಬಂದದ್ದೇ ದೇವರ ಚಿತ್ತ. ಹಸು ಕೊಳ್ಳುವುದಕ್ಕೂ ಚೀಟಿ, ಬಾವಿ ತೋಡುವುದಕ್ಕೂ ಚೀಟಿ. ಯೋನಪ್ಪನವರ ಕೈಯಲ್ಲಿ ಎತ್ತಿಸಿದ ಚೀಟಿ ಅಂದರೆ ಸೋಮಂದೇಪಲ್ಲಿಯವರೆಗೂ ಹೆಸರು.

ನನಗೆ ಎರಡು ಕಡೆಯಿಂದ ಕೇಳಿದ್ದರು. ಒಬ್ಬ ದಾವೀದಪ್ಪ, ಅಮ್ಮನ ಕಡೆ ನೆಂಟ, ಊರಲ್ಲೇ ಮಂಡಿಯಲ್ಲಿ ಗುಮಾಸ್ತ. ಇನ್ನೊಬ್ಬರು ಸಮುವೇಲು, ಕಲ್ಯಾಣದುರ್ಗದಲ್ಲಿ ಇಸ್ಕೂಲು ಮೇಷ್ಟ್ರು. ಸಮುವೇಲು ಒಂದು ಸಲ ನಮ್ಮ ಮನೆಗೆ ಬಂದಿದ್ದರು. ನಾನು ನೀರು ಕೊಟ್ಟೆ. ಕುಡಿದು, ಚೆಂಬನ್ನು ತಾವೇ ತೊಳೆದು, ಬೋರಲು ಹಾಕಿ ಇಟ್ಟು ಹೋದರು. ಚೆಂಬು ತೊಳೆದಿಟ್ಟ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಮನಸ್ಸು ಅಲ್ಲಿಗೇ ಹೋಯಿತು. ಬಾಯಿಬಿಟ್ಟು ಹೇಳುವುದು ಹೇಗೆ? ಆ ಕಾಲದಲ್ಲಿ ಹೆಣ್ಣುಮಗಳು ಹಾಗೆ ಹೇಳಿದರೆ ಮಾನ ಹೋದಂತೆ.

ಇಬ್ಬರ ಹೆಸರು ಬರೆದ ಎರಡು ಚೀಟಿ ಇಟ್ಟಾಯಿತು. ಅಪ್ಪ, ಅಮ್ಮ ಚಾಪೆಯ ಮೇಲೆ, ನಾನು ಅಡಿಗೆಮನೆಯ ಬಾಗಿಲಲ್ಲಿ. ಯೋನಪ್ಪನವರು ಪ್ರಾರ್ಥನೆ ಮುಗಿಸಿ ಕೈ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು. ಕಣ್ಣು ಬಿಟ್ಟು ನನ್ನ ಮುಖ ನೋಡಿದರು.

"ಮಾರ್ತೀ, ನಿಂಗೇನು ಇಷ್ಟಾನಮ್ಮ?"

"ದೇವರ ಚಿತ್ತ ಹೆಂಗಿದ್ರೆ ಹಂಗೆ" ಅಂದೆ, ಒಳ್ಳೆಯ ಹುಡುಗಿಯ ಹಾಗೆ.

"ಅವನ ಚಿತ್ತ ನಾನು ಆಮೇಲೆ ಕೇಳ್ಕೊತೀನಿ. ಈಗ ಕೇಳ್ತಿರೋದು ನಿಂದು. ಕಲ್ಯಾಣದುರ್ಗಕ್ಕೆ ಹೋಯ್ತೀಯಾ, ಇಲ್ಲೇ ಇರ್ತೀಯಾ?"

ಅಮ್ಮನಿಗೆ ರೇಗಿಹೋಯಿತು. "ಹೆಣ್ಣುಡುಗೀನ ಅದೇನ್ ಕೇಳೋದು? ನೀವು ಚೀಟಿ ಎತ್ತಿ."

"ನಾನು ಎತ್ತಲ್ಲ ಕಣಮ್ಮ. ಬಾಯಿರೋ ಮಗು ಎದುರಿಗೆ ನಿಂತಿರ್ವಾಗ ಕಾಗದಾನ ಯಾಕೆ ಕೇಳ್ಬೇಕು?"

"ನಾಳೆ ಹೆಚ್ಚುಕಮ್ಮಿ ಆದ್ರೆ?"

"ನನ್ ಮೇಲೆ ಹಾಕಿ" ಅಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ಕಲ್ಯಾಣದುರ್ಗಕ್ಕೆ ಹೋಯ್ತೀನಿ" ಅಂದುಬಿಟ್ಟೆ. ಅಪ್ಪ ತಲೆ ಬಗ್ಗಿಸಿಕೊಂಡರು. ಯೋನಪ್ಪನವರು ಎರಡು ಚೀಟಿಗಳನ್ನೂ ಬಿಚ್ಚದೆ ತಗೊಂಡು ಹೋಗಿ ಒಲೆಗೆ ಹಾಕಿದರು.

ಮೂರು ವರ್ಷ ಬಾಳಿದೆವು. ಕಲ್ಯಾಣದುರ್ಗದ ಬಿಸಿಲು, ಉಪ್ಪು ನೀರು, ಎಲ್ಲವನ್ನೂ ಬೈದುಕೊಂಡು ನಾನು ಬಹಳ ಸುಖವಾಗಿದ್ದೆ. ಸಮುವೇಲು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿ ಪರೀಕ್ಷೆ ಕಟ್ಟಿಸಿದರು. ಆಮೇಲೆ ಒಂದು ಬೇಸಿಗೆ ಅವರಿಗೆ ವಿಷಮಜ್ವರ ಬಂತು. ದೊಡ್ಡ ಆಸ್ಪತ್ರೆಗೆ ಸಾಗಿಸುವುದಕ್ಕೆ ಗಾಡಿ ಗೊತ್ತು ಮಾಡುವಷ್ಟರಲ್ಲಿ ಹೋಗಿಬಿಟ್ಟರು.

ಮಣ್ಣಿಗೆ ಬಂದ ಅಮ್ಮ ನನ್ನ ತಬ್ಬಿಕೊಂಡು ಅತ್ತಳು, ಅಳುತ್ತಲೇ ಅಂದಳು: "ಚೀಟಿ ಎತ್ತಿದ್ರೆ ದೇವರು ಮಾಡ್ದ ಅಂತ ಸುಮ್ಮನಾಗ್ತಿದ್ವಲ್ಲೇ. ನೀನೇ ಬಾಯ್ಬಿಟ್ಟು ಕೇಳ್ಕಂಡೆ." ಅವಳು ಕೆಟ್ಟವಳಲ್ಲ. ಸಂಕಟಕ್ಕೆ ಅಂದ ಮಾತು. ಆದರೆ ಅದು ನನ್ನೊಳಗೆ ಹೊಕ್ಕು ಕೂತಿತು. ನಾನು ಆರಿಸಿಕೊಂಡೆ, ಅದಕ್ಕೇ ಹೀಗಾಯಿತು. ನಾನು ಬೇಡ ಅಂದಿದ್ದರೆ ಆ ಮನುಷ್ಯ ಬೇರೆ ಯಾರನ್ನೋ ಕಟ್ಟಿಕೊಂಡು ಬದುಕಿರುತ್ತಿದ್ದನೇನೋ. ಬಂದವರೆಲ್ಲ ಬಾಯಲ್ಲಿ ಸಮಾಧಾನ ಹೇಳಿ ಕಣ್ಣಲ್ಲಿ ಇದನ್ನೇ ಹೇಳಿ ಹೋಗುತ್ತಿದ್ದರು.

ಯೋನಪ್ಪನವರು ಬಂದಾಗ ಯುದ್ಧದ ಕಾಲ, ಇದ್ದಿಲಿನಿಂದ ಓಡುವ ಬಸ್ಸು. ಮುಖವೆಲ್ಲ ಮಸಿ. ಕೈಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದೆ:

"ಯಾರು ಮಾಡಿದ್ದು ಇದು? ನಾನಾ, ದೇವರಾ? ಎರಡರಲ್ಲಿ ಒಂದು ಹೇಳಿ. ಭಾನುವಾರದ ಬೋಧನೆ ನಂಗೆ ಬೇಡ."

ಅವರ ಕಣ್ಣೀರು ಮಸಿಯ ಮೇಲೆ ಇಳಿದು ಗೆರೆಗೆರೆಯಾಗಿತ್ತು.

"ಎರಡೂ ನಿಜ ಅಂತ ವೇದ ಹೇಳ್ತದೆ ಕಣಮ್ಮ. ಎರಡೂ ಹೆಂಗೆ ನಿಜ ಅಂತ ನಂಗೆ ಗೊತ್ತಿಲ್ಲ. ಹಿಂದೂಪುರದಿಂದ ಇಲ್ಲಿಗಂಟ ಅದನ್ನೇ ಯೋಚ್ನೆ ಮಾಡ್ಕೊಂಡು ಬಂದೆ. ಹೊಳೀಲಿಲ್ಲ."

"ಮತ್ಯಾಕೆ ಬಂದ್ರಿ?"

"ಗೊತ್ತಿರೋದು ಒಂದೈತೆ, ಅದನ್ನ ಹೇಳೋಕೆ. ಮಾಡೋಕೆ ಮುಂಚೆ ಎಲ್ಲಾ ನಮ್ ಕೈಲೈತೆ ಅಂತ ಮಾಡ್ಬೇಕು. ಆಗೋದ್ಮೇಲೆ ಎಲ್ಲಾ ಅವನ ಕೈಲಿತ್ತು ಅಂತ ಅವನಿಗೆ ಬುಟ್ಬುಡ್ಬೇಕು. ನಾವು ಉಲ್ಟಾ ಹಿಡ್ಕೊತೀವಿ. ಮುಂಚೆ, ದೇವರು ಮಾಡ್ತಾನೆ ಅಂತ ಬೇಲಿ ಕೀಳ್ತೀವಿ. ಆಮೇಲೆ, ನಾನೇ ಮಾಡ್ದೆ ಅಂತ ಎದೆ ಬಡ್ಕೊತೀವಿ. ಸಮುವೇಲಪ್ಪನ ಸಾವು ನಿನ್ ಕೈಲಿರ್ಲಿಲ್ಲ ಕಣಮ್ಮ. ಅಷ್ಟು ದೊಡ್ಡೋಳಲ್ಲ ನೀನು."

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅಳು ಬಂತು, ಗಂಡ ಸತ್ತ ಮೇಲೆ ಮೊದಲ ಸಲ ಸರಿಯಾಗಿ ಅತ್ತೆ. ಅವರು ಎದ್ದು ಹೋಗಿ ಒಲೆ ಹಚ್ಚಿ ಅನ್ನಕ್ಕಿಟ್ಟರು. ಅನ್ನ ಸೀದುಹೋಯಿತು. ಇಬ್ಬರೂ ಅದನ್ನೇ ತಿಂದೆವು. ತಿನ್ನುತ್ತಾ, ಮುಂದಕ್ಕೆ ಏನು ಮಾಡುತ್ತೀಯ ಅಂತ ಕೇಳಿದರು. ಊರಿಗೆ ಬರುವುದಿಲ್ಲ, ಇಲ್ಲೇ ಸಮುವೇಲು ಇದ್ದ ಇಸ್ಕೂಲಿನಲ್ಲಿ ಪಾಠ ಹೇಳುತ್ತೇನೆ ಅಂದೆ. "ಹೂಂ" ಅಂದು, ಇಸ್ಕೂಲಿನ ಮೇಲಿನವರ ಹತ್ತಿರ ಮಾತಾಡುವುದಕ್ಕೆ ಆಗಲೇ ಕೊಡೆ ತಗೊಂಡು ಹೊರಟರು.

ಹಾಗೆ ನನ್ನ ಬದುಕು ನಡೆಯಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ನಾನು ಗಟ್ಟಿಯಾದೆ, ಮಕ್ಕಳನ್ನು ಗದರಿಸುವ ಟೀಚರಮ್ಮನಾದೆ. ಆವತ್ತಿನ ಮಾತು ನನ್ನನ್ನು ಎತ್ತಿ ನಿಲ್ಲಿಸಿತು ಅಂತ ಎಷ್ಟೋ ಜನಕ್ಕೆ ಹೇಳಿದ್ದೇನೆ. ಯೋನಪ್ಪನವರಿಗೆ ಮಾತ್ರ ಹೇಳಲಿಲ್ಲ, ಹೇಳಬೇಕಾದ್ದೇನು, ಅವರಿಗೇ ಗೊತ್ತಿರುತ್ತದಲ್ಲ ಅಂದುಕೊಂಡಿದ್ದೆ.

ಅವರು ತೀರಿಕೊಳ್ಳುವ ಹಿಂದಿನ ವಾರ ಹೇಳಿಕಳಿಸಿದರು. ಬಸ್ಸು ಸೋಮಂದೇಪಲ್ಲಿಯ ಹತ್ತಿರ ಟೈರು ಸಿಡಿದು ನಿಂತು, ನಾನು ಡ್ರೈವರನನ್ನೂ ಕಂಡಕ್ಟರನನ್ನೂ ಬಾಯಿಗೆ ಬಂದಂತೆ ಬೈದು, ಅಂತೂ ಸಾಯಂಕಾಲಕ್ಕೆ ಹಿಂದೂಪುರ ಮುಟ್ಟಿದೆ. ಅದೇ ಮನೆ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಅಷ್ಟು ಉದ್ದದ ಮನುಷ್ಯ ಚಾಪೆಯಲ್ಲಿ ಅರ್ಧಕ್ಕಾಗಿದ್ದರು. ನೋಡಿಕೊಳ್ಳುತ್ತಿದ್ದ ಅವರ ತಂಗಿಯ ಮಗಳು, ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲಕ್ಕ, ನಿಮ್ಮ ಹೆಸರೇ ಹೇಳ್ತಾರೆ ಅಂದಳು.

ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡರು.

"ಮಾರ್ತೀ, ಆವತ್ತು ನಾನು ಚೀಟಿ ಎತ್ತಿದ್ರೆ ದಾವೀದಪ್ಪನ ಹೆಸರು ಬರ್ತಿತ್ತೋ ಏನೋ. ಅವನು ನೋಡು, ಇವತ್ತಿಗೂ ಗುಂಡುಕಲ್ಲಿನಂಗೆ ಅವ್ನೆ. ನಾನು ನಿನ್ ಬಾಯಿ ಬಿಡಿಸ್ದೆ. ನನ್ ಮೇಲೆ ಹಾಕಿ ಅಂದಿದ್ದೆ. ಅದು ನನ್ ಮೇಲೇ ಐತೆ."

"ಅವನಿಗೆ ಬುಟ್ಬುಡ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

"ನಿಂಗೆ ಹೇಳ್ದೆ. ನಂಗೆ ಹತ್ತಲಿಲ್ಲ ಕಣಮ್ಮ."

ನನ್ನ ಭಾರವನ್ನು ಇಳಿಸಿದ ಮನುಷ್ಯ ಅದನ್ನು ಎಲ್ಲಿ ಇಟ್ಟ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವರಿಗೆ ವೇದದ ಮಾತು ಹೇಳುವಷ್ಟು ನನಗೆ ತಿಳಿಯದು. ನನ್ನ ಮಾತನ್ನೇ ಹೇಳಿದೆ.

"ನನ್ನ ಇಷ್ಟ ಏನು ಅಂತ ಹುಟ್ಟಿದಾಗಿಂದ ಯಾರೂ ಕೇಳಿರ್ಲಿಲ್ಲ. ನೀವೊಬ್ರು ಕೇಳಿದ್ರಿ. ಆ ಮೂರು ವರ್ಷ ನಂದು. ಬೇರೆ ಯಾರೂ ಕೊಟ್ಟಿದ್ದಲ್ಲ, ನಾನು ಕೇಳಿ ಇಸ್ಕೊಂಡಿದ್ದು. ಬೇಕಾದ್ರೆ ಈಗ ಇನ್ನೊಂದ್ಸಲ ಕೇಳಿ ನೋಡಿ."

ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಯೇ ಅಂತ ನೋಡಿದರು ಅಂತ ಕಾಣುತ್ತದೆ.

"ಎಲ್ಲಾ ಗೊತ್ತಾದ್ಮೇಲೂನಾ?"

"ಎಲ್ಲಾ ಗೊತ್ತಾದ್ಮೇಲೇ. ಕೇಳಿ."

ತುಟಿ ಒದ್ದೆ ಮಾಡಿಕೊಂಡು, ನಿಧಾನವಾಗಿ ಕೇಳಿದರು. "ಕಲ್ಯಾಣದುರ್ಗಕ್ಕೆ ಹೋಯ್ತೀಯೇನಮ್ಮ?"

"ಹೋಯ್ತೀನಿ" ಅಂದೆ.

ನನ್ನ ಕೈಯನ್ನು ಹಿಡಿದಿದ್ದ ಅವರ ಬೆರಳುಗಳು ಒಂದೊಂದಾಗಿ ಸಡಿಲವಾದವು. ನಾನು ಹೆದರಿ ಬಗ್ಗಿ ನೋಡಿದೆ. ನಿದ್ದೆ ಮಾಡುತ್ತಿದ್ದರು.