ಬೆಣಚುಕಲ್ಲಿನ ಬೂದು ಎಳೆ

ಬೀರುವಿನ ತಳದಲ್ಲಿ, ಹಳೇ ಪೇಪರಿನಲ್ಲಿ ಸುತ್ತಿದ್ದ ಮುಷ್ಟಿಗಾತ್ರದ ಬೆಣಚುಕಲ್ಲು ಸಿಕ್ಕಿತು. ನಮ್ಮ ಚಿಂತಾಮಣಿ ಕಾಲೇಜಿನ ಭೂವಿಜ್ಞಾನದ ಕೋಣೆ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ಅಲ್ಲಿ ಕಂಪ್ಯೂಟರ್ ಇಡುತ್ತಾರಂತೆ. ಖಾಲಿ ಮಾಡುವ ಕೆಲಸ ಪಕ್ಕದ ಕೋಣೆಯ ಕೆಮಿಸ್ಟ್ರಿಯವಳಾದ ನನ್ನ ತಲೆಗೆ ಬಂತು. ಬೇಡ ಅನ್ನುವುದಕ್ಕೂ ಈಗೀಗ ಬೇಜಾರು...

ಅದು ಭೂವಿಜ್ಞಾನದ ಸಾರ್ ಅವರ ಕಲ್ಲು. ಆ ವಿಭಾಗದಲ್ಲಿ ಉಳಿದಿದ್ದ ಮೇಷ್ಟ್ರು ಅವರೊಬ್ಬರೇ. ಹುಡುಗರು ಸೇರುತ್ತಿರಲಿಲ್ಲ, ವಿಭಾಗ ಮುಚ್ಚುವ ಮಾತು ಎದ್ದಿತ್ತು. ಆಗಲೇ ಒಂದು ಮಧ್ಯಾಹ್ನ ಈ ಕಲ್ಲು ಹಿಡಿದು ನನ್ನ ಕೋಣೆಗೆ ಓಡಿ ಬಂದರು. ಸ್ಕಂದಗಿರಿ ಕಡೆಯಿಂದ ಎಂದೋ ತಂದು ಮೇಜಿನ ಮೇಲಿಟ್ಟು ಮರೆತಿದ್ದ ಕಲ್ಲು. ಅದರ ಬಿರುಕಿನಲ್ಲಿ ಕೆಂಪಗೆ ಏನೋ ಮಿನುಗುತ್ತಿತ್ತು.

"ಕೆಂಪು ಬೆಳ್ಳಿ ಅದಿರು ಕಣಮ್ಮ ಇದು! ಗಂಧಕ, ಆರ್ಸೆನಿಕ್, ಬೆಳ್ಳಿ ಮೂರೂ ಕೂಡಿರೋ ಸಲ್ಫೋಸಾಲ್ಟು. ನಮ್ ಕಡೆ ಯಾರೂ ಕಂಡಿಲ್ಲ. ಇದೊಂದು ಖಾತ್ರಿ ಆಗ್ಲಿ, ವಿಭಾಗ ಅದ್ಯಾವನು ಮುಚ್ತಾನೋ ನೋಡೇ ಬಿಡ್ತೀನಿ."

ಅದಿರಿನ ಪುಡಿಯ ಬಣ್ಣ ನೋಡುವ ಒರಟು ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರು, ಕೆಂಪು ಗೀರು ಬಿತ್ತು. ಇದ್ದಿಲ ಮೇಲೆ ಕಾಸಿದರೆ ಬೆಳ್ಳುಳ್ಳಿ ವಾಸನೆ ಬರಬೇಕು, ಬಂದರೆ ಆರ್ಸೆನಿಕ್ ಇದೆ ಎಂದರ್ಥ. ಆದರೆ ಇರುವ ಚೂರನ್ನು ಸುಡಲು ಅವರಿಗೆ ಮನಸ್ಸಾಗಲಿಲ್ಲ. ಕೆಂಪನ್ನಷ್ಟೇ ಜೋಪಾನವಾಗಿ ಕೆರೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಪಾಪ, ಆ ಒಂದು ತಿಂಗಳು ಅವರ ನಡಿಗೆಯೇ ಬೇರೆಯಾಗಿತ್ತು.

ಲ್ಯಾಬಿನವರು ಫೋನಿನಲ್ಲೇ ನಕ್ಕರಂತೆ. ಅದು ಕುಂಕುಮ! ಪ್ರತಿ ಆಯುಧಪೂಜೆಗೂ ಸಾರ್ ಸುತ್ತಿಗೆ, ಮೈಕ್ರೋಸ್ಕೋಪಿನ ಜೊತೆ ಮೇಜಿನ ಮೇಲಿದ್ದ ಕಲ್ಲುಗಳಿಗೂ ತಮ್ಮ ಕೈಯಾರೆ ಕುಂಕುಮ ಇಡುತ್ತಿದ್ದರು. ಅದು ದೀಪದ ಎಣ್ಣೆಯಲ್ಲಿ ನೆಂದು, ಬಿರುಕಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅವರ ಕಣ್ಣಿಗೆ ಪೊರೆ ಬೇರೆ ಬಂದಿತ್ತು.

"ಅಯ್ಯೋ ದೇವುಡಾ, ನಾನೇ ಇಟ್ಟಿದ್ದಲ್ಲಮ್ಮ..." ಎಂದರು. ಅಷ್ಟೇ. ಕಲ್ಲನ್ನು ಪೇಪರಿನಲ್ಲಿ ಸುತ್ತಿ ಒಳಗೆ ಹಾಕಿದರು, ಮತ್ತೆ ಅದನ್ನು ಮುಟ್ಟಲಿಲ್ಲ. ಆ ವರ್ಷವೇ ವಿಭಾಗಕ್ಕೆ ಬೀಗ ಬಿತ್ತು. ಅವರು ನಿವೃತ್ತಿ ತಗೊಂಡು ಶಿಡ್ಲಘಟ್ಟಕ್ಕೆ ಹೋದರು.

ಇವತ್ತು ಕಲ್ಲನ್ನು ನನ್ನ ಕೋಣೆಗೆ ತಂದು ನಲ್ಲಿಯಡಿ ಹಿಡಿದು ಉಳಿದಿದ್ದ ಕುಂಕುಮ ತೊಳೆದೆ. ಅದರ ಅಡಿಯಲ್ಲಿ ಒಂದು ಬೂದು ಎಳೆ ಇತ್ತು, ಸೀಸದ ಕಡ್ಡಿಯ ಹಾಗೆ. ಅದನ್ನು ಯಾರೂ ನೋಡಿರಲಿಲ್ಲ. ಯಾಕೋ ತಡೆಯಲಾಗಲಿಲ್ಲ. ಕಿಟಕಿ ತೆಗೆದು, ಒಂದು ಕಾಳಿನಷ್ಟು ಕೆರೆದು ಇದ್ದಿಲ ಮೇಲಿಟ್ಟು ಉರಿ ಹಾಯಿಸಿದೆ. ಉರಿಯ ಅಂಚು ಹಸಿರಾಯಿತು, ಅಂದರೆ ತಾಮ್ರ. ಹಿಂದೆಯೇ ಬೆಳ್ಳುಳ್ಳಿ ವಾಸನೆ...

ತಾಮ್ರ, ಆರ್ಸೆನಿಕ್. ಖಾತ್ರಿಗೆ ಲ್ಯಾಬಿನವರೇ ಹೇಳಬೇಕು, ಆದರೆ ಬೆಳ್ಳಿಯ ಜಾಗದಲ್ಲಿ ತಾಮ್ರ ಇದ್ದರೂ ಸಾರ್ ಹುಡುಕುತ್ತಿದ್ದ ಸಲ್ಫೋಸಾಲ್ಟಿನ ಜಾತಿಯದೇ ಇರಬೇಕು ಇದು.

"ಸಾರ್, ಬನ್ನಿ ಇಲ್ಲಿ!" ಎಂದು ಅವರ ಕೋಣೆಯ ಕಡೆಯ ಗೋಡೆಗೆ ತಿರುಗಿ ಕೂಗಿಯೇ ಬಿಟ್ಟೆ. ಬಾಗಿಲಲ್ಲಿ ಬೀರು ಹೊರಲು ಬಂದವರು ನಿಂತಿದ್ದರು. "ಯಾರನ್ನ ಕರೆದ್ರಿ ಮೇಡಂ?" ಎಂದರು.

ಸಾರ್ ತೀರಿಹೋಗಿ ಎರಡು ವರ್ಷವಾಯಿತು. "ಯಾರನ್ನೂ ಇಲ್ಲಪ್ಪ, ಬೀರು ಎತ್ಕೊಂಡು ಹೋಗಿ," ಎಂದೆ.