ಹಿತ್ತಿಲ ಗೇಟು ತೆಗೆದವಳು

ನನ್ನ ಮಗ ಹೆತ್ತ ತಾಯಿಯ ಮಾತು ಬಿಟ್ಟು ಗೋಡೆಗೆ ಹೊಡೆದ ಕ್ಯಾಮೆರಾದ ಮಾತು ನಂಬಿದ. ಅವತ್ತು ನಡೆದದ್ದು ಇಷ್ಟೇ. ಮಿಕ್ಕಿದ್ದು ಹೇಗಾಯಿತು, ಯಾರು ಮಾಡಿದರು ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮೂರು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ, ಗಾಳಿ, ಸೋಕು ಎನ್ನುವವಳಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೂ ಅಂಥದ್ದನ್ನು ನಂಬಿರಲಿಲ್ಲ. ಬೀದಿಯಲ್ಲಿ ಯಾರಾದರೂ ನನಗೆ ಏನೋ ಕಂಡಿತು ಎಂದು ಹೇಳಿಕೊಂಡು ಬಂದರೆ, ಹೊಟ್ಟೆ ತುಂಬ ಉಂಡು ಮಲಗು, ಏನೂ ಕಾಣುವುದಿಲ್ಲ ಎಂದು ಕಳಿಸುತ್ತಿದ್ದೆ. ನನ್ನ ಗಂಡ ತೀರಿಕೊಂಡ ಹನ್ನೊಂದನೇ ದಿನ, ಅವರು ಬಾಗಿಲಲ್ಲಿ ನಿಂತಂತಾಯಿತು ಎಂದು ಮನೆಯವರೆಲ್ಲ ಅತ್ತರು. ನಾನೂ ನೋಡಿದೆ. ನನಗೆ ಬಾಗಿಲು ಕಂಡಿತು. ಅಂಥವಳಿಗೆ ಇದಾಯಿತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಮ್ಮ ಮನೆ ಹೊಳೆನರಸೀಪುರದಲ್ಲಿ, ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿದೆ. ಮಗ ರಂಗಸ್ವಾಮಿಯದು ತೆಂಗಿನಕಾಯಿ ವ್ಯಾಪಾರ. ಹಳ್ಳಿಗಳಿಂದ ಕಾಯಿ ತಂದು ಮನೆಯ ಪಕ್ಕದ ಗೋಡೌನಿನಲ್ಲಿ ತುಂಬುತ್ತಾನೆ. ಮನೆಯ ಹಿಂದೆ ಹಿತ್ತಿಲು, ಹಿತ್ತಿಲಿನ ಕೊನೆಗೆ ಕಬ್ಬಿಣದ ಗೇಟು, ಗೇಟಿನಾಚೆ ಐವತ್ತು ಹೆಜ್ಜೆಗೆ ನಾಲೆ. ಚನ್ನರಾಯಪಟ್ಟಣದಲ್ಲಿ ಅವನ ಸ್ನೇಹಿತನೊಬ್ಬನ ಗೋಡೌನಿನ ಬೀಗ ಮುರಿದು ಯಾರೋ ಕೊಬ್ಬರಿ ಚೀಲ ಹೊತ್ತುಕೊಂಡು ಹೋದರು. ಅದನ್ನು ನೋಡಿ ಬಂದವನೇ ನಮ್ಮ ಕಾಂಪೌಂಡಿನ ಸುತ್ತ ನಾಲ್ಕು ಕ್ಯಾಮೆರಾ ಹಾಕಿಸಿದ. ಜೊತೆಗೊಂದು ಸೈರನ್.

ಹಾಸನದಿಂದ ಹಾಕಲು ಬಂದವನು ನಮ್ಮನ್ನು ಒಬ್ಬೊಬ್ಬರನ್ನಾಗಿ ಅದರ ಮುಂದೆ ನಿಲ್ಲಿಸಿದ. ಎಡಕ್ಕೆ ತಿರುಗಿ ಅಮ್ಮ, ಬಲಕ್ಕೆ ತಿರುಗಿ ಅಮ್ಮ ಎಂದ. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ತಿರುಗಿಸಿರಲಿಲ್ಲ. ಅದು ಮನೆಯವರ ಮುಖ ಕಲಿತುಕೊಳ್ಳುತ್ತದಂತೆ. ಮುಖ ಗೊತ್ತಿದ್ದವರು ಓಡಾಡಿದರೆ ಹೆಸರು ಬರೆದುಕೊಂಡು ಸುಮ್ಮನಿರುತ್ತದೆ. ಗೊತ್ತಿಲ್ಲದವರು ಬಂದರೆ ಸೈರನ್ ಕೂಗುತ್ತದೆ, ಮಗನ ಮೊಬೈಲೂ ಕೂಗುತ್ತದೆ. ಮುಂದಿನ ಗೇಟಿಗೆ ಸೈರನ್ ಬೇಡ, ನಾಲ್ಕು ಜನ ಬಂದು ಹೋಗುವ ಮನೆ ಇದು ಎಂದು ನಾನೇ ಹೇಳಿದೆ. ಹಿಂದೆ ಮತ್ತು ಎರಡು ಪಕ್ಕದಲ್ಲಿ ಮಾತ್ರ ಕೂಗುತ್ತಿತ್ತು. ಮೊದಲ ವಾರ ಕಾಯಿ ಕೀಳಲು ಬಂದವನು ಆ ಸದ್ದಿಗೆ ಮರದ ಅರ್ಧದಲ್ಲಿ ಕೈಬಿಡುವುದರಲ್ಲಿದ್ದ. ಬಾಯಿಗೆ ಬಂದಂತೆ ಬೈದು ಇಳಿದುಹೋದ.

ಹಿತ್ತಿಲ ಗೇಟಿನ ವಿಷಯ ಸ್ವಲ್ಪ ಹೇಳಬೇಕು. ಸಂಜೆ ದೀಪ ಹಚ್ಚುವ ಮೊದಲು ಹಿಂದಿನ ಬಾಗಿಲು ಹಾಕಿರಬೇಕು ಎನ್ನುವುದು ನಮ್ಮಲ್ಲಿ ಇದೆ. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದೆ ತೆರೆದಿದ್ದರೆ ಹಾಗೇ ಹೊರಟುಹೋಗುತ್ತಾಳೆ ಎನ್ನುತ್ತಾರೆ. ನನಗೆ ಲಕ್ಷ್ಮಿಗಿಂತ ದನದ ಚಿಂತೆ. ಹೇಗೇ ಇರಲಿ, ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷದ ಮೇಲಾಯಿತು, ದೀಪ ಹಚ್ಚಿದ ಮೇಲೆ ಒಂದು ದಿನವೂ ನಾನು ಹಿತ್ತಿಲ ಗೇಟು ತೆಗೆದವಳಲ್ಲ. ಗಂಡ ಹಿಂದಿನಿಂದ ಬಂದು ಕೂಗಿದರೂ, ಸುತ್ತಿಕೊಂಡು ಮುಂದೆ ಬನ್ನಿ ಎನ್ನುತ್ತಿದ್ದೆ. ಅವರು ಬೈದುಕೊಂಡು ಸುತ್ತಿ ಬರುತ್ತಿದ್ದರು. ಕೆಳಗಿನ ಚಿಲಕವನ್ನು ದನ ಮೂತಿಯಲ್ಲಿ ಎತ್ತುವುದು ಕಲಿತ ಮೇಲೆ ಮಗ ಗೇಟಿನ ನೆತ್ತಿಗೆ ಇನ್ನೊಂದು ಚಿಲಕ ಹಾಕಿಸಿದ್ದ. ಅದನ್ನು ಎಳೆಯಬೇಕಾದರೆ ನಾನು ಕೈಯನ್ನು ತಲೆಯ ಮೇಲಕ್ಕೆ ಪೂರ್ತಿ ಚಾಚಬೇಕು.

ಆ ದಿನಗಳಲ್ಲಿ ನನ್ನ ಬಲಗೈ ಏಳುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಭುಜಕ್ಕೆ ಪೆಟ್ಟಾಗಿತ್ತು. ಮೂಳೆ ಮುರಿದಿಲ್ಲ, ಹಿಡಿದುಕೊಂಡಿದೆ, ತಿಂಗಳುಗಟ್ಟಲೆ ಆಗಬಹುದು ಎಂದರು ಡಾಕ್ಟರು. ಸೊಂಟದ ಮಟ್ಟದಲ್ಲಿ ಕೈ ಆಡುತ್ತಿತ್ತು, ಮೇಲಕ್ಕೆ ಎತ್ತಿದರೆ ಪ್ರಾಣ ಹೋಗುತ್ತಿತ್ತು. ಸೊಸೆ ಸವಿತಾ ಮೂರು ವಾರದಿಂದ ನನ್ನ ತಲೆ ಬಾಚುತ್ತಿದ್ದಳು, ರವಿಕೆ ತೊಡಿಸುತ್ತಿದ್ದಳು, ರಾತ್ರಿ ಎಣ್ಣೆ ಬಿಸಿ ಮಾಡಿ ಭುಜಕ್ಕೆ ಹಚ್ಚುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

ಅವರೆಕಾಯಿ ಕಾಲ. ಪಕ್ಕದ ಮನೆಯ ಸಣ್ಣಮ್ಮ, ನಲವತ್ತು ವರ್ಷದ ಗೆಳತಿ, ಮುಂದಿನ ಜಗಲಿಯಲ್ಲಿ ನನ್ನ ಜೊತೆ ಕಾಯಿ ಬಿಡಿಸುತ್ತ ಕೂತಿದ್ದಳು. ಜಗಲಿ ಸೂರಿನ ಒಳಗಿದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಸವಿತಾ ಹಿತ್ತಿಲ ಗೇಟು ಹಾಕಿ ಬಂದಳು. ಮೇಲಿನ ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು, ದಿನವೂ ಕಿವಿಗೊಟ್ಟು ಕೇಳುವ ಸದ್ದು ಅದು. ಆಮೇಲೆ ದೀಪ ಹಚ್ಚಿ ಅಡುಗೆಮನೆಗೆ ಹೋದಳು. ಸಣ್ಣಮ್ಮ ತನ್ನ ಮಗಳ ಅತ್ತೆಯ ಪುರಾಣ ಶುರುಮಾಡಿದಳು. ಆಯಮ್ಮ ಕಾಫಿಪುಡಿ ಡಬ್ಬಿಗೂ ಬೀಗ ಹಾಕುತ್ತಾಳಂತೆ. ನಾನು ಹೂಂ ಹೂಂ ಎನ್ನುತ್ತ ಕೂತಿದ್ದೆ. ಎರಡು ಮೊರ ಕಾಯಿ ಮುಗಿಯುವವರೆಗೆ ಕೂತ ಜಾಗದಿಂದ ಏಳಲಿಲ್ಲ.

ಏಳು ಗಂಟೆಗೆ ಸವಿತಾ ದನಕ್ಕೆ ಹುಲ್ಲು ಹಾಕಲು ಹೋದವಳು ಓಡಿ ಬಂದಳು. ಗೇಟು ತೆರೆದಿತ್ತು, ಹಿತ್ತಿಲಲ್ಲಿ ಕಟ್ಟದೆ ಬಿಟ್ಟಿದ್ದ ಕಡಸು ಇರಲಿಲ್ಲ. ಮೊದಲ ಗಬ್ಬದ ಕಡಸು, ಇನ್ನೊಂದು ತಿಂಗಳಿಗೆ ಕರು ಹಾಕಬೇಕಾಗಿತ್ತು. ರಂಗಸ್ವಾಮಿ ಟಾರ್ಚು ಹಿಡಿದು ಹೋದ. ನಾಲೆಗೆ ಸಿಮೆಂಟು ಹಾಕಿದ್ದಾರೆ, ಅದರೊಳಗೆ ಜಾರಿದ ದನ ಹತ್ತಿ ಬರಲಾರದು. ಮುಂದಿನ ಸೇತುವೆಯ ಕಂಬಕ್ಕೆ ತಡೆದು ನಿಂತಿತ್ತಂತೆ. ಹಗ್ಗ ಹಾಕಿ ಎಳೆಯುವ ಹೊತ್ತಿಗೆ ಜೀವ ಇರಲಿಲ್ಲ.

ಬಂದವನೇ ಮೊಬೈಲು ತೆಗೆದ. ಯಾರು ತೆಗೆದದ್ದು, ಸೈರನ್ ಯಾಕೆ ಕೂಗಲಿಲ್ಲ ಎಂದು ನೋಡುತ್ತ ನೋಡುತ್ತ ಅವನ ಮುಖ ಒಂದು ಥರ ಆಯಿತು. ಮೊಬೈಲನ್ನು ನನ್ನ ಮುಂದೆ ಹಿಡಿದ.

ಅದರಲ್ಲಿ ನಾನಿದ್ದೆ. ಹೋಲುವವಳಲ್ಲ, ನಾನೇ. ಅವತ್ತು ಬೆಳಿಗ್ಗೆ ಮೊದಲ ಸಲ ಉಟ್ಟ ಹಸಿರು ಸೀರೆ. ಎಡಗಾಲು ಸ್ವಲ್ಪ ಎಳೆಯುವ ನನ್ನ ನಡಿಗೆ. ಗೇಟಿನ ಹತ್ತಿರ ಹೋದಳು. ಬಲಗೈಯನ್ನು ಬಾವುಟದ ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ಎತ್ತಿದಳು, ಚಿಲಕ ಎಳೆದಳು. ಗೇಟು ತೆಗೆದು ಪಕ್ಕಕ್ಕೆ ಸರಿದು ನಿಂತಳು, ಮನೆಗೆ ಬಂದವರನ್ನು ಬೀಳ್ಕೊಡುವಾಗ ನಿಲ್ಲುತ್ತೇವಲ್ಲ ಹಾಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಡಸು ತಾನಾಗಿ ಎದ್ದು ಅವಳ ಮುಂದೆ ಹಾದು ಹೊರಗೆ ಹೋಯಿತು. ಅವಳು ತಿರುಗಿ ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಅಡುಗೆಮನೆಯ ಬಾಗಿಲ ಕಡೆ ಬಂದಳು. ಕೆಳಗೆ ಅವ್ವ ಎಂದು ಬರೆದಿತ್ತು. ಗಂಟೆ ಆರು ನಲವತ್ತು.

ಆರು ನಲವತ್ತಕ್ಕೆ ಅಡುಗೆಮನೆಯಲ್ಲಿ ಸವಿತಾ ಇದ್ದಳು. ಆ ಬಾಗಿಲಿಂದ ಯಾರೂ ಒಳಗೆ ಬಂದದ್ದನ್ನು ಅವಳು ನೋಡಿಲ್ಲ. ಆರು ನಲವತ್ತಕ್ಕೆ ನಾನು ಜಗಲಿಯಲ್ಲಿದ್ದೆ. ಅದನ್ನೇ ಹೇಳಿದೆ. ಸಣ್ಣಮ್ಮನನ್ನು ಕೇಳು ಎಂದೆ.

ಸಣ್ಣಮ್ಮ ಇನ್ನೂ ಅಲ್ಲೇ ಇದ್ದಳು. ಮೊಬೈಲು ನೋಡಿದಳು, ನನ್ನ ಮಗನ ಮುಖ ನೋಡಿದಳು. ಅವಳ ತೋಟದ ಕಾಯಿ ಹೋಗುವುದು ನಮ್ಮ ಗೋಡೌನಿಗೇ.

"ನಾನು ತಲೆ ಬಗ್ಗುಸ್ಕಂಡು ಕಾಯಿ ಬುಡುಸ್ತಿದ್ದೆ ಕಣಪ್ಪ," ಎಂದಳು. "ಯಾವಾಗ್ ಎದ್ದೋಗಿದ್ರೋ ಏನೋ, ನಾ ಕಾಣೆ."

ಹಾಗಾದರೆ ಕಾಫಿಪುಡಿ ಡಬ್ಬಿಯ ಕಥೆಯನ್ನು ನೀನು ಯಾರಿಗೆ ಹೇಳಿದೆ, ಕಂಬಕ್ಕೆ ಹೇಳಿದೆಯಾ ಎಂದು ಕೇಳಿದೆ. ಮೊರ ಎತ್ತಿಕೊಂಡು ಹೊರಟುಹೋದಳು.

ರಂಗಸ್ವಾಮಿ ಹಾಸನಕ್ಕೆ ಫೋನು ಮಾಡಿದ. ಕ್ಯಾಮೆರಾ ಹಾಕಿದವನು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಗಂಟೆ ತಪ್ಪಾಗಕಿಲ್ಲ ಸಾ, ಮುಖಾನೂ ತಪ್ಪಾಗಕಿಲ್ಲ, ಅಮ್ಮಾವ್ರೇ ಅದು. ನನ್ನನ್ನು ಒಂದು ಸಲ ನೋಡಿದವನು ಅವನು.

ಹಳೆಯ ದಿನದ್ದು ಬಂದಿರಬಹುದು ಎನ್ನಲು ಆ ಸೀರೆ ಅಡ್ಡ ಬಂತು. ಆಗ ನನಗೆ ಉಳಿದದ್ದು ಕೈ ಒಂದೇ. ಈ ಕೈ ಎತ್ತಿಸು ನೋಡೋಣ, ನಿನ್ನ ಕೈಯಲ್ಲೇ ಹಿಡಿದು ಎತ್ತಿಸು ಎಂದೆ. ಮಗ ಮುಟ್ಟಲಿಲ್ಲ.

"ಮೂರು ವಾರದಿಂದ ನೋವು ನೋವು ಅಂತ ಅವಳ ಕೈಲಿ ತಲೆ ಬಾಚುಸ್ಕತಿದ್ದೆಯಲ್ಲವ್ವ," ಎಂದ. "ಈ ಕೈಯಿ ಯಾರ್ದು ಮತ್ತೆ?"

"ನಂದಲ್ಲ ಕಣ್ಲಾ."

"ಅದು ಸುಳ್ಳು ಯಾಕ್ ಹೇಳ್ತದವ್ವ? ಅದುಕ್ಕೇನ್ ಬೇಕಾಗೈತೆ?"

"ನಂಗೇನ್ ಬೇಕಾಗಿತ್ತು ಅಂತ ಕೇಳ್ಲಾ ಮೊದ್ಲು."

ಕೇಳಲಿಲ್ಲ. ನಾನು ಸವಿತಾಳ ಕಡೆ ತಿರುಗಿದೆ. ರವಿಕೆ ತೊಡಿಸುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದವಳು ಅವಳೊಬ್ಬಳೇ. ನೀನೇ ಹೇಳು ಎಂದೆ. ಅವಳು ನೆಲ ನೋಡಿಕೊಂಡು, "ನಂಗೇನ್ ಗೊತ್ತು ಅತ್ತೆ, ಅದ್ರಲ್ಲಿ ಕಾಣ್ತದಲ್ಲ," ಎಂದಳು. ಅವತ್ತು ರಾತ್ರಿ ಎಣ್ಣೆ ಬಿಸಿ ಮಾಡಿಕೊಂಡು ಬರಲಿಲ್ಲ.

ಕಡಸು ಹೋಯಿತು. ಹೊಟ್ಟೆಯಲ್ಲಿ ಕರು ಇಟ್ಟುಕೊಂಡು ನೀರಲ್ಲಿ ಒದ್ದಾಡಿ ಹೋಯಿತು. ಅದರ ಸಂಕಟ ನನಗಿಲ್ಲ ಎಂದು ತಿಳಿಯಬೇಡಿ, ಹುಟ್ಟಿದಾಗ ಅದರ ಮೈ ಒರೆಸಿದವಳು ನಾನು. ಆದರೆ ಆ ಮನೆಯಲ್ಲಿ ಅವತ್ತು ಹೋದದ್ದು ಕಡಸು ಒಂದೇ ಅಲ್ಲ. ನಾನು ಸುಳ್ಳಿ ಆದೆ, ಇಲ್ಲ ತಲೆ ಕೆಟ್ಟವಳಾದೆ. ಎರಡರಲ್ಲಿ ಯಾವುದು ಎಂದು ಅವರೇ ಉಣ್ಣುವಾಗ ಪಿಸುಪಿಸು ಮಾತಾಡಿಕೊಂಡರು. ಮುಂದಿನ ವಾರ ಹಾಸನದಲ್ಲಿ ತಲೆಯ ಡಾಕ್ಟರಿಗೆ ತೋರಿಸುವುದು ಎಂದಾಯಿತು.

ಅವತ್ತು ರಾತ್ರಿಯೇ ಮಗ ಒಂದು ಕೆಲಸ ಮಾಡಿದ. ಮತ್ತೆ ಹಾಸನದವನಿಗೆ ಫೋನು ಮಾಡಿ, ಕೇಳಿಕೊಂಡು, ನನ್ನ ಎದುರಿಗೇ ಕೂತು ಆ ಕ್ಯಾಮೆರಾದಿಂದ ನನ್ನ ಮುಖ ತೆಗೆದುಹಾಕಿದ. ರೇಷನ್ ಕಾರ್ಡಿನಿಂದ ಸತ್ತವರ ಹೆಸರು ತೆಗೆಯುವ ಹಾಗೆ. ಇನ್ನು ಅವ್ವ ಹಿತ್ತಿಲಿಗೆ ಕಾಲಿಟ್ಟರೆ ಸೈರನ್ ಕೂಗುತ್ತದೆ, ನಮಗೆ ಗೊತ್ತಾಗುತ್ತದೆ, ಅವ್ವನ ಒಳ್ಳೆಯದಕ್ಕೇ ಎಂದು ಹೆಂಡತಿಗೆ ಹೇಳಿದ. ನನ್ನ ಕಡೆ ನೋಡಿ ಹೇಳಲಿಲ್ಲ.

ಆ ದಿನದಿಂದ ನಾನು ಯೋಚಿಸಿದ್ದೇನೆ. ನಾನೇ ಎದ್ದು ಹೋಗಿ, ಮಾಡಿ, ಮರೆತೆನೇನೋ ಎಂದೂ ಯೋಚಿಸಿದ್ದೇನೆ, ನನ್ನನ್ನು ನಾನು ಬಿಟ್ಟಿಲ್ಲ. ಆದರೆ ಎಷ್ಟೋ ತಿಂಗಳಾದ ಮೇಲೆ ಕೈ ಸುಧಾರಿಸಿದ್ದು ಹಣೆಯವರೆಗೆ ಮಾತ್ರ. ಇವತ್ತಿಗೂ ಆ ಚಿಲಕ ನನ್ನ ಬಲಗೈಗೆ ಎಟುಕುವುದಿಲ್ಲ. ಹಾಸನದ ಡಾಕ್ಟರು ನನ್ನ ತಲೆ ಸರಿಯಾಗಿದೆ ಎಂದು ಬರೆದುಕೊಟ್ಟರು. ಮಗ ಆ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. ಹಾಗಾದರೆ ಆ ಹೆಂಗಸು ಯಾರು? ಸರಿದು ನಿಂತು ಯಾರಿಗೆ ದಾರಿ ಬಿಟ್ಟಳು? ಆಕೆ ತಿರುಗಿ ನೋಡಿದಾಗ ಅವಳ ಮುಖದಲ್ಲಿ ದುಃಖವೂ ಇರಲಿಲ್ಲ, ಕೋಪವೂ ಇರಲಿಲ್ಲ. ಹಾಲು ಕರೆದು ಮುಗಿಸಿ ಒಳಗೆ ಬರುವವಳ ಮುಖ. ನನಗೆ ಅದು ಗೊತ್ತಿರುವ ಮುಖ. ಇಷ್ಟಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಕಡಸು ಹೋದ ಮಾರನೆಯ ಬೆಳಿಗ್ಗೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಎಂದಿನ ಹಾಗೆ ಐದೂವರೆಗೆ ಎದ್ದೆ. ಒಂದು ಚಿಕ್ಕ ಪಾತ್ರೆಯಲ್ಲಿ ನೀರು, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಅಡುಗೆಮನೆಯ ಹಿಂದಿನ ಬಾಗಿಲು ತೆಗೆದು ಹಿತ್ತಿಲಿಗೆ ಇಳಿದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೈರನ್ ಶುರುವಾಯಿತು. ನಾನು ನಿಲ್ಲಲಿಲ್ಲ. ಕಾಂಪೌಂಡಿನ ಬುಡದಲ್ಲಿದ್ದ ಕಲ್ಲುಗಳನ್ನು ಎಡಗೈಯಲ್ಲಿ ಒಂದೊಂದಾಗಿ ಉರುಳಿಸಿಕೊಂಡು ಬಂದು, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಜಾಗ ನೋಡಿ, ಮೂರು ಕಲ್ಲು ಹೂಡಿ ಒಲೆ ಮಾಡಿದೆ. ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಹತ್ತಿದರೆ ಮನೆ ಎರಡಾಯಿತು ಎಂದೇ ಲೆಕ್ಕ, ಬಾಯಲ್ಲಿ ಹೇಳಬೇಕಾಗಿಲ್ಲ.

ರಂಗಸ್ವಾಮಿ ಮೊಬೈಲು ಹಿಡಿದು ಓಡಿ ಬಂದ, ಹಿಂದೆ ಸವಿತಾ. ಸಣ್ಣಮ್ಮ ಗೋಡೆಯ ಮೇಲಿಂದ ಇಣುಕಿದಳು. ಅವನು ಏನೋ ಒತ್ತಿದ, ಸೈರನ್ ನಿಂತಿತು. ನಾನು ತಲೆ ಎತ್ತಿ ಕ್ಯಾಮೆರಾ ನೋಡಿದೆ, ಮತ್ತೆ ಕೂಗಿತು. ಅವ್ವ, ಬೇಡ ಕಣವ್ವ, ಒಳಿಕ್ ಬಾ ಎಂದ. ಬೆಂಕಿಪೊಟ್ಟಣವನ್ನು ಬಲಗೈಯಲ್ಲಿ ಮಡಿಲಿಗೆ ಒತ್ತಿಹಿಡಿದು ಎಡಗೈಯಲ್ಲಿ ಕಡ್ಡಿ ಗೀರಿದೆ. ಮೂರನೆಯ ಕಡ್ಡಿಗೆ ಒಲೆಗೆ ತುಂಬಿದ್ದ ತೆಂಗಿನ ಗರಿ ಹತ್ತಿಕೊಂಡಿತು. ನೀರು ಕಾಯುವವರೆಗೂ ಅಲ್ಲೇ ಕೂತಿದ್ದು, ಒಬ್ಬಳಿಗಾಗುವಷ್ಟು ಅಕ್ಕಿ ಹಾಕಿದೆ.