ಬಾಗಿಲು ತೆಗೆಯುವ ಟೈಲರ್ ಅಕ್ಕ

ಕೈಯಲ್ಲಿ ಕಾಸಿಲ್ಲದೆ ಊರೂರು ಸುತ್ತುವವರನ್ನೆಲ್ಲ ಮನೆಯಲ್ಲಿ ಉಳಿಸಿಕೊಳ್ಳುವ ಟೈಲರ್ ಅಕ್ಕ, ಬಂದವರ ಹೆಸರು ಕೇಳುವ ಮೊದಲೇ ಅವರ ಚೀಲ ಕಿತ್ತುಕೊಂಡು ಹರಿದದ್ದನ್ನು ಹೊಲಿಯುತ್ತಾರೆ. ಹರಿಯದಿದ್ದರೆ ಗಟ್ಟಿಯಾಗಿರಲಿ ಎಂದು ಇನ್ನೊಂದು ಹೊಲಿಗೆ ಹಾಕುತ್ತಾರೆ. ಬಸ್ ನಿಲ್ದಾಣದಿಂದಾಚೆ ಅವರು ಹೋದದ್ದೇ ಇಲ್ಲ, ಆದರೂ ಜಗತ್ತಿನ ಯಾವ ಊರಿಗೆ ಬೇಕಾದರೂ ದಾರಿ ಹೇಳಬಲ್ಲರು. ಎಲ್ಲ ದಾರಿಯೂ ಎಡಕ್ಕೇ ತಿರುಗುತ್ತದೆ. ಮಲಗಲು ಮಂಚ ಅತಿಥಿಗೆ, ಬಟ್ಟೆ ಕತ್ತರಿಸುವ ಮೇಜು ಅವರಿಗೆ. ತಟ್ಟೆ ತೊಳೆಯಹೋದರೆ "ಕೈ ತೆಗಿ, ನಿಮ್ಮಪ್ಪ ಬಂದು ಕೇಳಿದ್ರೆ ನಾನೇನ್ ಹೇಳ್ಲಿ" ಎಂದು ಗದರುತ್ತಾರೆ. ಹಾಗೇ ಊರು ಸುತ್ತುತ್ತ ಬಂದು ನಾನು ಅವರ ಮನೆಯಲ್ಲಿ ಉಳಿದ ಎರಡನೆಯ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿ, ಗುರುತಿಲ್ಲದವರ ಮನೆಯಲ್ಲಿ ಮಲಗಿದ್ದು ಸಾಕು, ಇವತ್ತೇ ಹೊರಟು ಬಾ ಎಂದು ಅತ್ತಾಗ ನಾನು ಬಟ್ಟೆ ಮಡಚತೊಡಗಿದೆ. ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ನನ್ ಕಷ್ಟಾನೂ ಸ್ವಲ್ಪ ಕೇಳಿ ತಾಯಿ. ಒಬ್ಬಳೇ ಇರೋ ಹೆಂಗಸು ನಾನು, ಪ್ರತಿ ಸಲ ಬಾಗಿಲು ತೆಗೆಯೋವಾಗ್ಲೂ ಎದೆ ಢವಢವ ಅನ್ನತ್ತೆ. ನಿಮ್ ಹುಡುಗಿ ಒಳ್ಳೇವ್ಳು ತಾನೇ?" ಎಂದರು. ಅಲ್ಲಿಯವರೆಗೆ ಧೈರ್ಯವೆಲ್ಲ ಮನೆ ಬಿಟ್ಟು ಹೊರಟವಳದ್ದೇ ಎಂದುಕೊಂಡಿದ್ದೆ. ನನ್ನ ತಲೆ ತಾನಾಗಿ ಬಾಗಿತು. ಆ ಕಡೆಯಿಂದ ಅಮ್ಮ ಮೂಗೊರೆಸಿಕೊಂಡು, "ಬಂಗಾರದಂಥವಳು ಕಣ್ರೀ, ಬೆಳಿಗ್ಗೆ ಏಳೋದೊಂದೇ ಲೇಟು" ಎಂದದ್ದು ಕೇಳಿಸಿತು. ಆಮೇಲೆ ಇಬ್ಬರೂ ನನ್ನನ್ನು ಮರೆತು, ನಾನು ಹೋಗಬೇಕಾದ ಮುಂದಿನ ಊರಿಗೆ ಯಾವ ಬಸ್ಸು ಒಳ್ಳೆಯದೆಂದು ಮಾತಾಡತೊಡಗಿದರು.